ಮಿಡತೆಯ ಬೂಟು

ಜನವರಿ ೯

ಭಾವ,

ಫೋನು ಮಾಡಿದರೆ ನೀವು ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಹರಿದು ಹಾಕಿದಿರೋ, ಇನ್ನೊಂದು ಬರೆಯುತ್ತೇನೆ.

ನಮ್ಮ ಬೀದಿಯ ಸ್ಕೌಟ್ ದಳ ನಡೆಸುತ್ತಿದ್ದ ಮೇಷ್ಟ್ರು ಮಂಡಿನೋವೆಂದು ಕೈಚೆಲ್ಲಿದರು. ಮಕ್ಕಳ ಸಮವಸ್ತ್ರ ಹೊಲಿದು ಕೊಡುತ್ತಿದ್ದವಳು ನಾನು, ಈಗ ಶಿಳ್ಳೆಯೂ ನನ್ನ ಕೊರಳಿಗೇ ಬಿದ್ದಿದೆ. ಮಾರ್ಚಿನಲ್ಲಿ ಬೆಟ್ಟಕ್ಕೆ ಹೋಗುತ್ತೇವೆ. ಎರಡು ರಾತ್ರಿ ಡೇರೆಯಲ್ಲಿ, ನಡುವಿನ ದಿನ ಪೂರ್ತಿ ನಡಿಗೆ. ದಳದ ಹಳೇ ಸಾಮಾನು ತೆಗೆದು ನೋಡಿದೆ, ಅಯ್ಯೋ ದೇವರೇ! ಆ ಕ್ಯಾನ್ವಾಸ್ ಡೇರೆ ಒಣಗಿದ್ದಾಗಲೇ ಎತ್ತಲಾಗದು, ನೆನೆದರೆ ಕತ್ತೆಯೂ ಒಲ್ಲೆ ಎನ್ನುತ್ತದೆ. ಚೀಲದ ಪಟ್ಟಿಗಳನ್ನು ಇಲಿ ಕಡಿದಿದೆ. ಬೆಟ್ಟದ ಬುಡದಲ್ಲಿ ಅಂಗಡಿ ಇಟ್ಟುಕೊಂಡು ಕಂಡವರಿಗೆಲ್ಲ ಡೇರೆ, ಬೂಟು ಮಾರುವ ಭಾವ ಇರುವಾಗ ನಾನು ಬೇರೆಯವರ ಬಾಗಿಲು ಯಾಕೆ ತಟ್ಟಲಿ? ಮಕ್ಕಳ ಬೆನ್ನಿಗೆ ಏನು ಹಾಕಬೇಕು, ಕಾಲಿಗೆ ಏನು ಹಾಕಬೇಕು, ಹೇಳಿ.

ಇನ್ನೊಂದು ಮಾತು. ನಿಮ್ಮ ಮಗಳೂ ಬರುತ್ತಾಳೆ. ಇದನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಅವಳ ಎಡಗಾಲು ಗಿಡ್ಡ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು, ಅವಳಿಗಂತೂ ಹುಟ್ಟಿದಾಗಿನಿಂದ ಗೊತ್ತು. ಹಾರಿ ಹಾರಿ ನಡೆಯುತ್ತಾಳೆಂದು ದಳದವರು ಅವಳಿಗೆ ಮಿಡತೆ ಎಂದು ಹೆಸರಿಟ್ಟರು. ಮನೆಗೆ ಬಂದು ಅಳುತ್ತಾಳೆ ಅಂದುಕೊಂಡೆ. ಅವಳು ನನ್ನ ಡಬ್ಬಿಯಿಂದ ಹಸಿರು ದಾರ ತೆಗೆದುಕೊಂಡು ಟೋಪಿಯ ಮೇಲೆ ಮಿಡತೆ ಎಂದು ತಾನೇ ಹೊಲಿದುಕೊಂಡಳು. ಈಗ ಆ ಗುಂಪಿಗೆ, ಅವರ ಮಾತಿನಲ್ಲಿ ಟೋಳಿಗೆ, ಅವಳೇ ಮುಂದಾಳು.

ನಿಮ್ಮ ನಾದಿನಿ


ಜನವರಿ ೧೭

ಕತ್ತರಿಯಮ್ಮನಿಗೆ,

ಹರಿದು ಹಾಕಲಿಲ್ಲ. ನಿನ್ನ ಅಕ್ಕನೂ ಜಗಳವನ್ನು ಹೀಗೇ ಸಾಲು ಬಿಡದೆ ಒತ್ತೊತ್ತಾಗಿ ಬರೆಯುತ್ತಿದ್ದಳು.

ಮೊದಲು ಸಾಮಾನು. ಡೇರೆ ಎರಡು ಪದರದ್ದು ಇರಬೇಕು, ಹೊರಗಿನದು ಒಳಗಿನದಕ್ಕೆ ತಾಗಬಾರದು, ತಾಗಿದರೆ ಇಬ್ಬನಿಯೆಲ್ಲ ಒಳಗೆ. ಹೊದಿಕೆಗಿಂತ ಕೆಳಗೆ ಹಾಸುವ ಚಾಪೆ ಮುಖ್ಯ, ಚಳಿ ಬರುವುದು ನೆಲದಿಂದ. ಹತ್ತಿಯ ಬಟ್ಟೆ ಬೇಡ, ನೆನೆದರೆ ಒಣಗುವುದಿಲ್ಲ. ಜೀನ್ಸ್ ತೊಟ್ಟು ಬಂದ ಮಗುವನ್ನು ಬಾಗಿಲಿನಿಂದಲೇ ವಾಪಸು ಕಳಿಸು. ಬೂಟನ್ನು ಸಂಜೆ ಹೊತ್ತು ಹಾಕಿ ನೋಡಬೇಕು, ಆಗ ಪಾದ ಉಬ್ಬಿರುತ್ತದೆ. ಹೊರೆ ಯಾವ ಮಗುವಿಗೂ ಅದರ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚಾಗಬಾರದು, ಆ ಹೊರೆಯೂ ಕೂರಬೇಕಾದದ್ದು ಸೊಂಟದ ಮೇಲೆ, ಹೆಗಲ ಮೇಲಲ್ಲ. ಅದಕ್ಕೇ ಚೀಲಕ್ಕೆ ಬೆನ್ನಿನ ಅಳತೆ ಬೇಕು. ಎಲ್ಲರದೂ ಕಳಿಸು. ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಕಳಿಸು.

ಮಗಳದು ಬೇಡ. ಅವಳು ಬರುವುದಿಲ್ಲ. ಗಟ್ಟಿಮುಟ್ಟಾದ ಗಂಡಸರು ಇಲ್ಲಿ ಕಾಲು ಉಳುಕಿಸಿಕೊಂಡು ಇನ್ನೊಬ್ಬರ ಹೆಗಲ ಮೇಲೆ ಇಳಿದು ಬರುವುದನ್ನು ನನ್ನ ಅಂಗಡಿಯ ಕಿಟಕಿಯಿಂದ ನೋಡುತ್ತಲೇ ಇರುತ್ತೇನೆ. ನಿನ್ನ ಅಕ್ಕ ಹೋದ ಮೇಲೆ ನನಗೆ ಉಳಿದಿರುವುದು ಅವಳೊಬ್ಬಳು. ಇಲ್ಲಿ ದೊಡ್ಡ ಶಾಲೆ ಇಲ್ಲವೆಂದು ಓದಲಿಕ್ಕಾಗಿ ನಿನ್ನ ಹತ್ತಿರ ಬಿಟ್ಟೆ, ಬೆಟ್ಟ ಹತ್ತಲಿಕ್ಕಲ್ಲ.

ಭಾವ


ಜನವರಿ ೨೪

ಭಾವ,

ನಿಮ್ಮ ಬುದ್ಧಿಮಾತಿನ ಅರ್ಧ ತೆಗೆದುಕೊಂಡಿದ್ದೇನೆ. ಕೊನೆಯ ಅರ್ಧ ನೀವೇ ಇಟ್ಟುಕೊಳ್ಳಿ.

ಅಳತೆ ಇದರ ಜೊತೆಗಿದೆ. ಟೇಪು ಹಿಡಿದು ಒಬ್ಬೊಬ್ಬರನ್ನೇ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ ನಾನೇ ತೆಗೆದದ್ದು. ಗುಂಡ ಎಂಬ ಹುಡುಗ ಕಚಗುಳಿಯೆಂದು ಕುಣಿದು ಇಸ್ತ್ರಿ ಮೇಜು ಬೀಳಿಸಿದ. ಮಿಡತೆಯದನ್ನು ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಕಾಣಲಿಲ್ಲ ಎನ್ನಬೇಡಿ.

ಓದಲಿಕ್ಕೆ ಬಿಟ್ಟದ್ದು ಅಂದಿರಲ್ಲ, ಶಾಲೆಯ ಕಥೆಯನ್ನೇ ಕೇಳಿ. ಆಟದ ಹೊತ್ತಿನಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ಸ್ಕೋರು ಬರೆಸುತ್ತಾರೆ. ಉಳಿದವರು ಬೆವರು ಸುರಿಸಿಕೊಂಡು ಓಡುತ್ತಾರೆ, ಇವಳು ಅವರ ಅಂಕ ಬರೆಯುತ್ತಾಳೆ. ಇಷ್ಟು ವರ್ಷ ಬರೆದಳು. ಹೋದ ವಾರ ಪೆನ್ಸಿಲನ್ನು ಎರಡು ತುಂಡು ಮಾಡಿ ಮೇಷ್ಟ್ರ ಮೇಜಿನ ಮೇಲಿಟ್ಟು, "ಇನ್ನು ಮೇಲೆ ಬೇರೆ ಯಾರ ಹತ್ರನಾದ್ರೂ ಬರೆಸ್ಕೊಳಿ ಸಾರ್" ಎಂದು ಬಂದಿದ್ದಾಳೆ. ಕರೆಸಿದರು, ಹೋದೆ. "ಏನಮ್ಮಾ, ಹುಡುಗಿಗೆ ಇಷ್ಟು ಕೊಬ್ಬಾ?" ಎಂದರು. "ಹೌದು ಸಾರ್, ಇಷ್ಟೇ ಸಾಲದು ಅಂತ ನಾನೂ ನೋಡ್ತಿದೀನಿ" ಎಂದೆ.

ಈ ಹುಡುಗಿಯನ್ನು ನಾನು ಇನ್ನೊಂದು ಬೆಂಚಿನ ಮೇಲೆ ಕೂರಿಸಲೇ? ನನ್ನಿಂದಾಗದು. ನೀವು ಎಷ್ಟು ಕೂಗಾಡಿದರೂ ಸೊಪ್ಪು ಹಾಕುವುದಿಲ್ಲ.

ನಾದಿನಿ


ಫೆಬ್ರವರಿ ೪

ಕತ್ತರಿ,

ಡೇರೆ, ಚಾಪೆ, ಚೀಲ, ಬೂಟು ಎಲ್ಲ ಲಾರಿಗೆ ಹಾಕಿಸಿದ್ದೇನೆ. ನಿನ್ನ ಮಕ್ಕಳು ಇಷ್ಟು ಚಿಕ್ಕವರೆಂದು ಗೊತ್ತಿರಲಿಲ್ಲ. ಶಿಶುವಿಹಾರವನ್ನೇ ಬೆಟ್ಟ ಹತ್ತಿಸಲು ಹೊರಟಿದ್ದೀಯಾ? ಅಂಗಡಿಯಲ್ಲಿರುವ ಅತಿ ಸಣ್ಣ ಚೀಲಗಳನ್ನೇ ಹುಡುಕಿ ಕಳಿಸಬೇಕಾಯಿತು. ಪಾದಗಳು ಮಾತ್ರ ಬಾತುಕೋಳಿಯ ಹಾಗಿವೆ. ಈಗಿನ ಮಕ್ಕಳು ಬೆಳೆಯುವ ರೀತಿಯೇ ನನಗೆ ಅರ್ಥವಾಗುವುದಿಲ್ಲ.

ಕೆಂಪು ಪೆನ್ಸಿಲು ಕಂಡಿತು. ಅದಕ್ಕೆ ಏನೂ ಕಳಿಸಿಲ್ಲ.

ಭಾವ


ಫೆಬ್ರವರಿ ೧೨

ಭಾವ,

ಮೈಯೆಲ್ಲ ಉರಿಯುತ್ತಿದೆ. ಸಮಾಧಾನವಾದ ಮೇಲೆ ಬರೆಯೋಣವೆಂದು ಕಾದೆ, ಆಗಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಇಡೀ ದಳ ಸಭಾಂಗಣದಲ್ಲಿ ಸೇರಿತ್ತು. ಪೆಟ್ಟಿಗೆ ಬಿಚ್ಚುವಾಗ ಮಕ್ಕಳ ಮುಖ ನೋಡಬೇಕಿತ್ತು ನೀವು. ಚೀಲ ಹಾಕಿದರು ನೋಡಿ, ಗುಂಡನ ಸೊಂಟದ ಪಟ್ಟಿ ಕಂಕುಳಿಗೆ ಬಂತು! ಉಳಿದವರದು ಎದೆಯ ಮೇಲೆ. ಮಗ್ಗುಲಿನ ಕ್ಲಾಸಿನಲ್ಲಿ ಹಾರ್ಮೋನಿಯಂ ಕಲಿಯುತ್ತಿದ್ದವರು ಕಿಟಕಿಗೆ ಜೋತುಬಿದ್ದು ನಕ್ಕರು. ಒಂದು ಮಗು ಅತ್ತಿತು. ಒಂದು ತಾಯಿ ಬಂದು, "ಸಾಮಾನೇ ಸರಿಯಾಗಿ ತರಿಸೋಕೆ ಬರಲ್ಲ, ನಮ್ಮ ಮಕ್ಳನ್ನ ಕಾಡಿಗೆ ಕರ್ಕೊಂಡು ಹೋಗ್ತೀರಾ?" ಎಂದು ಎಲ್ಲರೆದುರು ಕೇಳಿದಳು.

ಇದನ್ನು ಬೇಕೆಂದೇ ಮಾಡಿದ್ದೀರಿ. ಬೇಡ ಎಂದರೆ ನಾನು ಕೇಳುವುದಿಲ್ಲವೆಂದು ಗೊತ್ತು, ಆದ್ದರಿಂದ ಚೀಲ ಕೆಡಿಸಿ ಪ್ರವಾಸವನ್ನೇ ನಿಲ್ಲಿಸಲು ನೋಡಿದಿರಿ. ಭಾವ, ಹಠ ಮಾಡಿ, ಬೈಯಿರಿ, ಅದಕ್ಕೆ ನಾನೂ ತಯಾರು. ಮಕ್ಕಳ ಕೈಗೆ ಕೆಟ್ಟ ಸಾಮಾನು ಕೊಡುವಷ್ಟು ಸಣ್ಣವರಾಗುತ್ತೀರಿ ಎಂದುಕೊಂಡಿರಲಿಲ್ಲ.


ಫೆಬ್ರವರಿ ೧೯

ನನ್ನ ಅಂಗಡಿಯಿಂದ ಕೆಟ್ಟ ಸಾಮಾನು ಹೋಯಿತೆಂದು ಹೇಳಿದವಳು ಈವರೆಗೆ ನೀನೊಬ್ಬಳೇ. ಓದಿ ಊಟ ಬಿಟ್ಟೆ. ಆಮೇಲೆ ನಿನ್ನ ಅಳತೆಗಳನ್ನು ಮತ್ತೆ ಕೈಗೆತ್ತಿಕೊಂಡೆ. ಬಾತುಕೋಳಿ ಪಾದಕ್ಕೆ ಶಿಶುವಿಹಾರದ ಬೆನ್ನು ಹೇಗೆ ಎಂದು ಯೋಚಿಸುತ್ತ ಕುಳಿತೆ. ಹೊಳೆದಾಗ ಎಷ್ಟು ನಕ್ಕೆನೆಂದರೆ, ಹಗ್ಗ ಕೊಳ್ಳಲು ಬಂದಿದ್ದ ಗಿರಾಕಿ ಹೆದರಿ ಎದ್ದು ಹೋದ.

ತಾಯೀ, ನೀನು ಅಳೆದದ್ದು ಭುಜದಿಂದ ಭುಜಕ್ಕೆ! ಅಂಗಿಯ ಬೆನ್ನು! ಚೀಲದ ಬೆನ್ನು ಉದ್ದಕ್ಕೆ. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಒಂದು ಮೂಳೆ ಉಬ್ಬುತ್ತದಲ್ಲ, ಅಲ್ಲಿಂದ ಸೊಂಟದ ಮೂಳೆಯ ಮಟ್ಟದವರೆಗೆ. ಈ ಲೋಕದಲ್ಲಿ ಬೆನ್ನಿನ ಅಳತೆ ಕೇಳಿದರೆ ಅಡ್ಡಡ್ಡ ಅಳೆದು ಕಳಿಸುವವಳು ನೀನೊಬ್ಬಳೇ ಇರಬೇಕು.

ನಗು ನಿಂತ ಮೇಲೆ ಹೆದರಿಕೆಯಾಯಿತು. ಬೆನ್ನು ಯಾವ ಕಡೆಗೆ ಎಂದು ತಿಳಿಯದವಳು ನನ್ನ ಮಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಬೇಡ, ಕತ್ತರಿ. ಜಗಳವಾಡುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ.

ಭಾವ


ಫೆಬ್ರವರಿ ೨೫

ಭಾವ,

ನಮ್ಮ ಕಸುಬಿನಲ್ಲಿ ಬೆನ್ನು ಅಂದರೆ ಅಡ್ಡ. ನೀವು ಉದ್ದ ಅನ್ನಬೇಕಿತ್ತು. ಸರಿ, ಬೇಕೆಂದು ಮಾಡಿದಿರಿ ಅಂದದ್ದು ತಪ್ಪಾಯಿತು. ಅಷ್ಟಕ್ಕೇ ತಪ್ಪಾಯಿತು, ಉಳಿದದ್ದಕ್ಕೆಲ್ಲ ಹಾಗೇ ನಿಂತಿದ್ದೇನೆ. ಹೊಸ ಅಳತೆ ಇದರೊಳಗಿದೆ, ಉದ್ದಕ್ಕೆ. ಸಣ್ಣ ಚೀಲಗಳನ್ನು ವಾಪಸು ಕಳಿಸಿದ್ದೇನೆ. ಅವನ್ನು ಬಿಚ್ಚಿ, ಒಳಗಿನ ಹೊಲಿಗೆ ನೋಡಿ, ಮತ್ತೆ ಹೊಲಿದು ಕಳಿಸಿದ್ದು ನಿಮಗೆ ಗೊತ್ತಾಗಲಿಕ್ಕಿಲ್ಲ. ಮಿಡತೆಯ ಚೀಲ ನಾನೇ ಹೊಲಿದಿದ್ದೇನೆ. ಎಡ ಸೊಂಟ ತಗ್ಗಿರುವುದರಿಂದ ಆ ಕಡೆಯ ಪಟ್ಟಿಗೆ ಒಂದು ದಪ್ಪ ಮೆತ್ತೆ ಹಾಕಿದ್ದೇನೆ. ಚೆನ್ನಾಗಿ ಕೂತಿದೆ. ಅಂಗಡಿಯ ಚೀಲ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ, ಬೇಕಾದರೆ ಬಂದು ನೋಡಿ.

ಈಗ ಒಂದೇ ಒಂದು ಪ್ರಶ್ನೆ. ಶಾಲೆಗೆ ಹಾಕುವ, ಎಡಗಾಲಿಗೆ ಎತ್ತರ ಕೊಟ್ಟ ಶೂ ಕಲ್ಲಿನ ಮೇಲೆ ಜಾರುತ್ತದೆ. ಪೇಟೆಯಲ್ಲಿ ಬೆಟ್ಟದ ಬೂಟು ಕೊಂಡೆ. ಎಡಗಡೆಯದಕ್ಕೆ ಎತ್ತರ ಕೊಡಬೇಕು. ನಮ್ಮ ಮೂಲೆಯ ಬೂಟು ರಿಪೇರಿಯವನು ಕೆಳಗೆ ಒಂದು ದಪ್ಪ ಅಟ್ಟೆ ಅಂಟಿಸಿದರೆ ಸಾಕು ಅನ್ನುತ್ತಾನೆ. ನನ್ನ ಮನಸ್ಸು ಹೊಲಿಯಬೇಕು ಅನ್ನುತ್ತದೆ. ನನಗೆ ಬಟ್ಟೆ ಗೊತ್ತು, ಬೂಟು ಗೊತ್ತಿಲ್ಲ. ನೀವು ಜೀವಮಾನವೆಲ್ಲ ಬೂಟು ಹಿಡಿದವರು. ಅಂಟೋ, ಹೊಲಿಗೆಯೋ?

ಒಪ್ಪಿಗೆ ಕೊಡಬೇಡಿ. ಉತ್ತರ ಕೊಡಿ.

ನಾದಿನಿ


ಮಾರ್ಚ್ ೫

ಕತ್ತರಿ,

ಸರಿಯಾದ ಚೀಲಗಳು ಹೊರಟಿವೆ. ನಿನ್ನ ಹೊಲಿಗೆ ಗೊತ್ತಾಯಿತು, ಕಂಪನಿಯವರು ಇಷ್ಟು ಒತ್ತಾಗಿ ಹಾಕುವುದಿಲ್ಲ. ಎಲ್ಲರಿಗೂ ಉಣ್ಣೆಯ ಕಾಲುಚೀಲ ಎರಡೆರಡು ಜೊತೆ ಹಾಕಿದ್ದೇನೆ, ಒಂದು ನಡೆಯಲು, ಒಂದು ಮಲಗಲು. ಮಲಗುವ ಜೊತೆಯನ್ನು ಹಗಲು ಹಾಕಲು ಬಿಡಬೇಡ, ಎಷ್ಟೇ ಗೋಗರೆಯಲಿ. ಒಲೆಯನ್ನು ಡೇರೆಯ ಒಳಗೆ ಹೊತ್ತಿಸುವುದಂತೂ ಬೇಡವೇ ಬೇಡ. ಹೊಸ ಬೂಟನ್ನು ಹೊರಡುವ ಮೊದಲು ಒಂದು ವಾರವಾದರೂ ಬೀದಿಯಲ್ಲಿ ಹಾಕಿ ತಿರುಗಲಿ. ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಡೇರೆಯ ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ.

ಇಲ್ಲಿ ವ್ಯಾಪಾರ ಸುಮಾರು. ಆರೋಗ್ಯ ಪರವಾಗಿಲ್ಲ.

ಭಾವ


ಮಾರ್ಚ್ ೧೩

ಭಾವ,

ಕಾಲುಚೀಲದ ಬಗ್ಗೆ ಅಷ್ಟುದ್ದ. ಒಲೆ, ಗಾಳಿ, ಬಾಗಿಲು, ನಿಮ್ಮ ಆರೋಗ್ಯ. ಬೂಟಿನ ಬಗ್ಗೆ ಒಂದಕ್ಷರ ಇಲ್ಲ. ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದೆ. ಉತ್ತರ ಕೊಟ್ಟರೆ ಒಪ್ಪಿದ ಹಾಗಾಗುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೀರಿ. ಹಾಕಿಕೊಳ್ಳಿ. ರಿಪೇರಿಯವನು ಅಂಟಿಸಿ ಕೊಟ್ಟಿದ್ದಾನೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಇವತ್ತು ಸಂಜೆ ನಡೆದದ್ದನ್ನೂ ಹೇಳುತ್ತೇನೆ, ನಿಮಗೆ ಖುಷಿಯಾಗಲಿ. ಸಭಾಂಗಣದಲ್ಲಿ ಎಲ್ಲರ ಚೀಲ ತುಂಬಿಸಿದೆವು. ಮಿಡತೆಯದನ್ನು ನಾನು ತುಂಬಿಸಿದ್ದೆ. ಅವಳು ಎತ್ತಿ ನೋಡಿದಳು, ಗುಂಡನದನ್ನು ಎತ್ತಿ ನೋಡಿದಳು, ಮತ್ತೆ ತನ್ನದನ್ನು ಎತ್ತಿದಳು. ಆಮೇಲೆ ಚೀಲದ ಬಾಯಿ ಬಿಚ್ಚಿ, ತಲೆಕೆಳಗೆ ಮಾಡಿ ನಡುಮಧ್ಯೆ ಸುರಿದಳು. ಒಂದು ಹೊದಿಕೆ, ಒಂದು ಸ್ವೆಟರು, ಬಿಸ್ಕತ್ತಿನ ಪೊಟ್ಟಣ. ಅಷ್ಟೇ ಬಿತ್ತು.

"ಪಾತ್ರೆ ಎಲ್ಲಿ? ನನ್ನ ಪಾಲಿನ ಡೇರೆ ಎಲ್ಲಿ?" ಎಂದಳು.

"ಇರ್ಲಿ ಬಿಡೇ, ನಿಂಗ್ಯಾಕೆ ಭಾರ" ಎಂದೆ.

"ನೀನೂ ಅಪ್ಪನ ಪಾರ್ಟಿನೇ" ಎಂದಳು. ಗಟ್ಟಿಯಾಗಿ ಕೂಡ ಹೇಳಲಿಲ್ಲ. ಗುಂಡನ ಚೀಲದಿಂದ ದೊಡ್ಡ ಪಾತ್ರೆ ಕಿತ್ತು ತನ್ನದಕ್ಕೆ ತುರುಕಿಕೊಂಡಳು. ಎಲ್ಲ ಮಕ್ಕಳೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು ಭಾವ. ಇಷ್ಟು ದಿನ ನಿಮ್ಮ ಮೇಲೆ ಹಾರಾಡಿದವಳು, ಒಳಗೊಳಗೇ ನಾನೂ ಅವಳಿಗೆ ಬೆಂಚು ಹಾಕಿ ಇಟ್ಟಿದ್ದೆ.

ಹೋಗಿ ಬಂದು ಬರೆಯುತ್ತೇನೆ.


ಮಾರ್ಚ್ ೧೯

ಭಾವ,

ಮೊದಲು ಇದು: ಎಲ್ಲರೂ ಕ್ಷೇಮವಾಗಿ ಬಂದಿದ್ದೇವೆ. ಅವಳೂ.

ಎರಡನೆಯದು: ಅಟ್ಟೆ ಕಿತ್ತು ಬಂತು. ನಡಿಗೆಯ ದಿನ, ಕಲ್ಲಿನ ಏರಿನಲ್ಲಿ, ಬೂಟು ಮೊಸಳೆಯ ಹಾಗೆ ಬಾಯಿ ಬಿಟ್ಟಿತು. ನೀವು ಮನಸ್ಸಿನಲ್ಲಿ ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ, ಆದರೂ ಪೂರ್ತಿ ಓದಿ.

ಅವಳು ಕೂತಳು, ಡೇರೆಯ ಹಗ್ಗ ತೆಗೆದು ಬೂಟಿಗೆ ಸುತ್ತು ಹಾಕಿ ಬಿಗಿದು ಕಟ್ಟಿದಳು, ಎದ್ದಳು. ಎತ್ತಿಕೊಳ್ಳುತ್ತೇವೆಂದು ಬಂದ ಹುಡುಗರಿಗೆ, "ಮುಟ್ಟಿದ್ರೆ ನೋಡಿ ಮತ್ತೆ" ಎಂದಳು. ಯಾರೂ ಮುಟ್ಟಲಿಲ್ಲ. ಹಗ್ಗ ಕಲ್ಲಿಗೆ ಉಜ್ಜಿ ತುಂಡಾಗುತ್ತಿತ್ತು, ಮತ್ತೆ ಕಟ್ಟುತ್ತಿದ್ದಳು, ದಳ ಕಾಯುತ್ತಿತ್ತು. ಗೊಣಗಿದರು, ಸುಳ್ಳು ಹೇಳುವುದಿಲ್ಲ. ಹೀಗೇ ಹೋಗಿ ಹೋಗಿ ಬೆಟ್ಟದ ತುದಿ ಕಣ್ಣಿಗೆ ಬಿತ್ತು. ಅಲ್ಲಿ ನೆಟ್ಟ ಕಂಬ ಕೂಡ ಕಾಣುತ್ತಿತ್ತು.

ಅವಳು ನಿಂತಳು. ಸೂರ್ಯನನ್ನು ನೋಡಿದಳು, ಹಗ್ಗ ನೋಡಿದಳು. "ಇಲ್ಲಿಂದ ವಾಪಸ್" ಎಂದಳು.

"ಏ ಮಿಡತೆ, ನೀನಿಲ್ಲೇ ಕೂತಿರೇ, ನಾವು ಓಡಿ ಹೋಗಿ ಬಂದ್ಬಿಡ್ತೀವಿ" ಎಂದ ಗುಂಡ.

"ಟೋಳಿ ಒಡೆಯೋ ಹಂಗಿಲ್ಲ. ಬಂದವರೆಲ್ಲ ಒಟ್ಟಿಗೆ ಇಳೀಬೇಕು."

ಭಾವ, ಆಗ ನಾನೇನು ಮಾಡಿದೆ ಗೊತ್ತೇ? ಗುಂಡನ ಪಕ್ಷ ಸೇರಿದೆ. ನನಗೆ ಆ ತುದಿ ಬೇಕಾಗಿತ್ತು. ನಿಮ್ಮ ಮುಖಕ್ಕೆ ಹಿಡಿಯಲಿಕ್ಕೆ ಬೇಕಾಗಿತ್ತು. "ಬಾರೇ, ನಾನೇ ಬೆನ್ನ ಮೇಲೆ ಹೊತ್ಕೋತೀನಿ, ಇನ್ನೇನು ಬಂದೇಬಿಡ್ತು" ಎಂದು ಬಗ್ಗಿ ನಿಂತೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಅಲ್ಲೇ ನೆಟ್ಟಗಾದೆ.

"ಚಿಕ್ಕಮ್ಮ, ಇಳಿಯೋಕೂ ಇಷ್ಟೇ ಹೊತ್ತು ಬೇಕು. ಕತ್ತಲಲ್ಲಿ ಇಳಿಯೋಕೆ ಬೂಟು ಬೇಕು, ಹಠ ಸಾಲಲ್ಲ."

ಇಳಿದೆವು. ಅವಳೇ ಕೊನೆಯಲ್ಲಿ, ಒಬ್ಬೊಬ್ಬರನ್ನೂ ಮುಂದೆ ಬಿಟ್ಟುಕೊಂಡು. ಡೇರೆ ಮುಟ್ಟುವಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಬೂಟು ಬಿಚ್ಚಿದರೆ ಪಾದವೆಲ್ಲ ಬೊಬ್ಬೆ. ಔಷಧಿ ಹಚ್ಚಿಸಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ, "ಅಟ್ಟೆ ಸೋತಿದ್ದು, ನಾನಲ್ಲ" ಎಂದಳು. ಗುಂಡ ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಅವಳು ಬೇರೆ ಕಡೆ ತಿರುಗಿ ಅತ್ತಳು. ನಾನೂ ನೋಡದವಳ ಹಾಗೆ ಇದ್ದೆ.

ನೀವು ಗೆದ್ದಿರೆಂದು ಬೀಗಬೇಡಿ. ನಿಮ್ಮ ಒಂದು ಸಾಲಿನ ಉತ್ತರ ಇದ್ದಿದ್ದರೆ ಅವಳು ಆ ಕಂಬ ಮುಟ್ಟಿ ಬರುತ್ತಿದ್ದಳು. ಇದನ್ನು ನಾನು ಸುಲಭವಾಗಿ ಮರೆಯುವವಳಲ್ಲ. ಅವಳು ಮರೆಯುತ್ತಾಳೋ ಇಲ್ಲವೋ, ಅವಳನ್ನೇ ಕೇಳಿ. ಇನ್ನು ಮುಂದೆ ನನ್ನ ಮೂಲಕ ಬೇಡ.

ನಾದಿನಿ


ಮಾರ್ಚ್ ೨೭

ಪುಟ್ಟಾ,

ನಿನಗೆ ಬೇರೆಯಾಗಿ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇಷ್ಟು ದಿನ ಚಿಕ್ಕಮ್ಮನ ಕಾಗದದ ಕೊನೆಗೆ 'ಮಗಳಿಗೆ ಆಶೀರ್ವಾದ' ಎಂದು ಕೂಡ ಬರೆಯಲಿಲ್ಲ, ಅಷ್ಟು ಬಿಗಿದುಕೊಂಡಿದ್ದೆ.

ಚಿಕ್ಕಮ್ಮ ಕೇಳಿದ್ದಳು, ಅಂಟೋ ಹೊಲಿಗೆಯೋ ಎಂದು. ನನಗೆ ಗೊತ್ತಿತ್ತು. ಬೂಟಿನ ಸ್ವಂತ ಅಟ್ಟೆ ಕಿತ್ತು, ಎತ್ತರದ ಪದರವನ್ನು ನಡುವೆ ಇಟ್ಟು, ಸುತ್ತ ಹೊಲಿದು, ಆಮೇಲೆ ಅದೇ ಅಟ್ಟೆಯನ್ನು ಕೆಳಗೆ ಕೂರಿಸಬೇಕು. ಬರೆಯಲು ಎರಡು ಸಾಲು. ಬರೆಯಲಿಲ್ಲ. ಬೂಟು ಸಿದ್ಧವಾಗದಿದ್ದರೆ ನೀನು ಮನೆಯಲ್ಲೇ ಉಳಿಯುತ್ತೀಯ ಅಂದುಕೊಂಡೆ. ನೀನು ಅಂಟಿಸಿದ ಬೂಟಿನಲ್ಲೇ ಹೋದೆ. ನನ್ನ ಹೆದರಿಕೆಯಿಂದಲೇ ನಿನ್ನ ಕಾಲಿಗೆ ಅಪಾಯ ಬಂತು.

ತುದಿ ಕಣ್ಣೆದುರು ಇರುವಾಗ ಹಿಂದಿರುಗಿದೆಯಂತೆ. ಹಾಗೆ ಹಿಂದಿರುಗಲಾರದೆ ಹೋದವರನ್ನು ನಾನು ಕಂಡಿದ್ದೇನೆ. ಅವರ ಬೂಟೆಲ್ಲ ಚೆನ್ನಾಗಿಯೇ ಇತ್ತು.

ರಜೆಗೆ ಇಲ್ಲಿಗೆ ಬಾ. ನಿನಗೆ ತಕ್ಕ ಬೂಟನ್ನು ನಾನೇ ಆರಿಸಿ, ಹೊಲಿಸಿ, ಎತ್ತಿ ಇಟ್ಟಿರುತ್ತೇನೆ. ಊರಾಚೆ ಒಂದು ಸಣ್ಣ ಗುಡ್ಡ ಇದೆ, ಅರ್ಧದವರೆಗೆ ಗಾಡಿ ಹೋಗುತ್ತದೆ. ಅಲ್ಲಿಂದ ನಿಧಾನವಾಗಿ, ನನ್ನ ಕೈ ಹಿಡಿದುಕೊಂಡು ಹೋಗಬಹುದು.

ಅಪ್ಪ


ಏಪ್ರಿಲ್ ೩

ಅಪ್ಪಾ,

ಕಾಗದ ಸಿಕ್ಕಿತು. ತೋರಿಸೇ ಎಂದು ಚಿಕ್ಕಮ್ಮ ಹಿಂದೆ ಮುಂದೆ ಸುತ್ತುತ್ತಿದ್ದಾಳೆ, ಕೊಟ್ಟಿಲ್ಲ.

ನೀನು ಉತ್ತರ ಕೊಡದೆ ಇದ್ದದ್ದಕ್ಕೆ ನನಗೆ ತುಂಬಾ ಕೋಪ ಬಂದಿದೆ. ಹೋಗುತ್ತದೆ, ಆದರೆ ಇನ್ನೂ ಹೋಗಿಲ್ಲ. ನೀನು ಅತ್ತಿರಬೇಕು ಅನ್ನಿಸಿತು, ಒಂದು ಕಡೆ ಶಾಯಿ ಹರಡಿದೆ. ಅದಕ್ಕೆ ನನಗೂ ಬೇಜಾರಾಯಿತು. ಎರಡೂ ಒಟ್ಟಿಗೇ ಇವೆ.

ಬೊಬ್ಬೆ ಒಣಗಿದೆ. ರಜೆ ಶುರುವಾದ ಮಾರನೇ ದಿನವೇ ಬರುತ್ತೇನೆ. ಗಾಡಿ ಬೇಡ. ಗಾಡಿ ಹೋಗುವ ಗುಡ್ಡವೂ ಬೇಡ. ನಿನ್ನ ಅಂಗಡಿಯ ಹಿಂದೆಯೇ ಬೆಟ್ಟ ಇದೆಯಲ್ಲ, ಅದಕ್ಕೇ ಹೋಗೋಣ. ನಾನು ನಿಧಾನ, ಆದರೂ ಮುಂದೆ ನಾನೇ ಹೋಗುತ್ತೇನೆ, ನೀನು ಹಿಂದೆ ಬಾ. ವಾಪಸ್ ಅಂದರೆ ವಾಪಸ್, ಎದುರು ಮಾತಾಡಬಾರದು. ಕೈ ಬೇಕಾದರೆ ಕೇಳುತ್ತೇನೆ.

ಬೂಟು ಆರಿಸಿ ಇಡಬೇಡ. ಇರುವ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸು. ಒಂದೊಂದನ್ನೂ ಹಾಕಿಕೊಂಡು, ಅಂಗಡಿ ತುಂಬ ನಡೆದು ನೋಡಿ, ನಾನೇ ಆರಿಸುತ್ತೇನೆ.

ನೀನು ಮಾರಿದರೆ ಸಾಕು.

ಮಿಡತೆ